ಉಳಿದ ಹದಿನಾಲ್ಕು ನಿಮಿಷ

ಅಕ್ಟೋಬರ್ 8, ಬೆಳಗಿನ ಜಾವ 4.35

ಧಪ್... ಧಪ್. ಓಪಲ್ ಹಿಮ್ಮಡಿಯಲ್ಲಿ ತೊಟ್ಟಿಲ ಕಂಬಿ ಒದೆಯುವ ಸದ್ದು. ಎಚ್ಚರವಾಯಿತು. ಎಚ್ಚರವಾಯಿತು ಅನ್ನೋದೂ ಸುಳ್ಳೇ, ನಿದ್ದೆ ಬಂದಿದ್ದರೆ ತಾನೆ. ಮೂರು ಗಂಟೆವರೆಗೂ ಅವಳ ಉಸಿರು ಎಣಿಸುತ್ತ ಕೂತಿದ್ದೆ.

ಹಾಲು ಐದು ಔನ್ಸ್. ಡಯಪರ್ ಬದಲಾಯಿಸಿದೆ. ಕೆಮ್ಮು ಇಲ್ಲ.

ಹೋದ ತಿಂಗಳು ಆ ಬೊಗಳುವಂಥ ಕೆಮ್ಮು ಬಂದು ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದೆವಲ್ಲ, ಆಗ ನರ್ಸ್ ಹೇಳಿದ್ದು: ಹಾಲು, ನಿದ್ದೆ, ಕೆಮ್ಮು ಎಲ್ಲ ಬರೆದಿಡು. ಬರೀತಾ ಇದೀನಿ. ಅವಳದ್ದರ ಕೆಳಗೆ ನನ್ನದೂ ಸೇರಿಕೊಳ್ಳುತ್ತಿದೆ. ಇರಲಿ, ಇದನ್ನು ಯಾರು ಓದ್ತಾರೆ.

ಆರಕ್ಕೆ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಪ್ರಾಕ್ಟೀಸ್. ವೇಡ್ ಇನ್ನೂ ಬಂದಿಲ್ಲ. ಜೋಳದ ಕೊಯ್ಲು ಮುಗಿಯೋವರೆಗೆ ಅವನು ಗಂಡ ಅಲ್ಲ, ಲಾರಿಯ ಒಂದು ಭಾಗ.

ಅದೇ ದಿನ, ಮಧ್ಯಾಹ್ನ

ಜಿಮ್‌ನಲ್ಲಿ ಟೀಮಿನ ಹುಡುಗಿಯರು ಓಪಲ್‌ಳ ಗಾಡಿ ತಳ್ಳೋದಕ್ಕೆ ಸರದಿ ಪಟ್ಟಿ ಮಾಡಿದಾರೆ. ನಾನು ಕೇಳಿಯೇ ಇರಲಿಲ್ಲ. ಬಾಗಿಲ ಹಿಂದೆ ಅಂಟಿಸಿದಾರೆ. ಡಕೋಟಾ ಆರಡಿ ಎರಡಂಗುಲ. ಬಗ್ಗಿ ಡಯಪರ್ ಹಾಕ್ತಾ ಬೈದಳು, “ಅಮ್ಮಾ, ನಿನ್ನ ಮಗಳು ನನ್ನ ಮೇಲೆ ಫೌಲ್ ಮಾಡಿದಾಳೆ. ರೆಫರಿ ಎಲ್ಲಿ?”

ಟೀಮಿನಲ್ಲಿ ಎಲ್ಲರಿಗೂ ನಾನು ಅಮ್ಮಾ. ಇಪ್ಪತ್ತಮೂರಕ್ಕೇ.

ಕಾರಿಗೆ ಬಂದು ಸುಮ್ಮನೆ ಅತ್ತೆ. ದುಃಖಕ್ಕಲ್ಲ.

ಅಕ್ಟೋಬರ್ 11, ಬೆಳಗಿನ ಜಾವ 5.05

ಹಾಲು ಐದು. ನಿದ್ದೆ ಮೂರು ಗಂಟೆ, ಅವಳದ್ದು. ನನ್ನದು ಬರೆಯೋ ಹಾಗಿಲ್ಲ.

ಇವತ್ತು ಚೀಟಿ ದಿನ. ಸೀಸನ್ ಶುರುವಾಗೋ ಮೊದಲು ಕೋಚ್ ಹಾಲ್ವರ್ಸನ್ ಪ್ರತಿ ವರ್ಷ ಕೇಳ್ತಾರೆ: ಒಂದು ಆಟದಲ್ಲಿ ಎಷ್ಟು ನಿಮಿಷ ಆಡ್ತೀನಿ ಅಂತ ನಿನ್ನ ನಿರೀಕ್ಷೆ? ಒಂದೇ ಅಂಕಿ ಬರೆದು ಮಡಿಸಿ ಕೊಡಬೇಕು. ಅಂಗಳದಲ್ಲಿ ಐದು ಜನ, ನಲವತ್ತು ನಿಮಿಷ. ಒಟ್ಟು ಇನ್ನೂರು. ಹದಿನಾಲ್ಕು ಹುಡುಗಿಯರ ಆಸೆ ಕೂಡಿಸಿ ಇನ್ನೂರಕ್ಕಿಂತ ಎಷ್ಟು ಜಾಸ್ತಿ ಬರುತ್ತೋ ಅಷ್ಟು ಓಟ, ಈ ಗೋಡೆಯಿಂದ ಆ ಗೋಡೆಗೆ, ಎಲ್ಲರೂ. ಹೋದ ವರ್ಷ 331 ಬಂದಿತ್ತು. ನಾನು ಆರು ತಿಂಗಳ ಹೊಟ್ಟೆ ಹೊತ್ತು ಕುರ್ಚಿಯಲ್ಲಿ ಕೂತು ನೂರಾ ಮೂವತ್ತೊಂದು ಓಟ ಎಣಿಸಿದ್ದೆ. ಎಂಬತ್ತನೇದಕ್ಕೆ ಡಕೋಟಾ ಕಸದ ಡಬ್ಬಿಗೆ ವಾಂತಿ ಮಾಡಿದ್ದಳು.

ಈ ವರ್ಷ ನಾನೂ ಬರೀಬೇಕು. ಇದೇ ಕೊನೆ ವರ್ಷ. ಮೇ ತಿಂಗಳಿಗೆ ಡಿಗ್ರಿ, ಆಮೇಲೆ ಆಟ ಇಲ್ಲ.

ಅದೇ ದಿನ, ಹಗಲು 11

ಸೊನ್ನೆ ಅಂತ ಬರೆದೆ.

ಒಂದು ವರ್ಷ ಒಂದು ಆಟವೂ ಆಡಿಲ್ಲ. ನನ್ನ ಮಗು ಎತ್ತಿಕೊಂಡವರು ಅವರು, ಪರೀಕ್ಷೆಗೆ ನೋಟ್ಸ್ ಕೊಟ್ಟವರು ಅವರು, ಆಸ್ಪತ್ರೆಗೆ ಸೂಪ್ ತಂದವರು ಅವರು. ಅವರ ಹತ್ತಿರ ನಿಮಿಷ ಬೇರೆ ಕೇಳೋದಾ? ನಾಚಿಕೆ ಆಯಿತು. ಚೀಟಿ ಮಡಿಸುವಾಗ ಏನೋ ದೊಡ್ಡದು ಕೊಟ್ಟ ಹಾಗೆ ಖುಷಿಯೂ ಆಯಿತು.

ಅಕ್ಟೋಬರ್ 12

ಶೂ ಬಿಚ್ಚದೇ ಬರೀತಾ ಇದೀನಿ.

ಕೋಚ್ ಬೋರ್ಡಿನ ಮೇಲೆ ಒಟ್ಟು ಬರೆದರು. 186. ಹತ್ತೊಂಬತ್ತು ವರ್ಷದಲ್ಲಿ ಇನ್ನೂರಕ್ಕಿಂತ ಕೆಳಗೆ ಬಂದಿದ್ದೇ ಇಲ್ಲವಂತೆ.

“ಹದಿನಾಲ್ಕು ನಿಮಿಷ ಅಂಗಳದಲ್ಲಿ ನಾಲ್ಕೇ ಜನ ಆಡ್ತೀರಾ?” ಅಂದರು ಕೋಚ್. “ಕಮ್ಮಿ ಬಿದ್ದರೂ ಲೆಕ್ಕ ತಪ್ಪೇ. ಓಡಿ. ಹದಿನಾಲ್ಕು.”

ಓಡಿದೆವು. ಒಂಬತ್ತನೇದಕ್ಕೆ ಡಕೋಟಾ ಪಕ್ಕಕ್ಕೆ ಬಂದಳು.

“ಅಮ್ಮಾ, ನೀನು ಎಷ್ಟು ಬರೆದೆ?”

“ಸೊನ್ನೆ.”

ನಿಂತೇ ಬಿಟ್ಟಳು. “ಪೆದ್ದಿ. ಮಹಾ ಪೆದ್ದಿ. ಹಾಸ್ಟೆಲಿನಲ್ಲಿ ರೂಮು ರೂಮು ತಿರುಗಿ, ಎಲ್ಲರ ಕೈಲೂ ಕಿತ್ತು ಕಿತ್ತು ಹದಿನಾಲ್ಕು ಬಿಡಿಸಿದೀನಿ. ನಿನಗೆ. ಇಮಾನಿ ಒಂದೇ ಒಂದು ನಿಮಿಷ ಬಿಡೋದಕ್ಕೆ ಪಿಜ್ಜಾ ಕೇಳಿದಳು, ಗೊತ್ತಾ?”

“ಎರಡು ಪಿಜ್ಜಾ,” ಅಂದಳು ಇಮಾನಿ, ಓಡುತ್ತಲೇ.

“ನನಗೆ ಹೇಳಬೇಕಿತ್ತು,” ಅಂದೆ.

“ಹೇಳಿದ್ದರೆ ನೀನು ಬೇಡ ಅಂತಿದ್ದೆ. ಓಡು ಈಗ. ಇನ್ನೂ ಐದಿದೆ, ನಿನ್ನ ಸೊನ್ನೆಯ ದೆಸೆಯಿಂದ.”

ಆಮೇಲೆ ಕೋಚ್ ಆಫೀಸಿಗೆ ಕರೆದರು. ನನ್ನ ಚೀಟಿ ಮೇಜಿನ ಮೇಲೇ ಇತ್ತು.

“ತಿದ್ದು. ಇಲ್ಲಾಂದರೆ ಇದನ್ನೇ ನಿನ್ನ ಮಾತು ಅಂತ ತಗೋತೀನಿ. ಆದರೆ ತಿದ್ದಿದರೆ ಊರಾಚೆ ಆಟಕ್ಕೂ ಬರಬೇಕು. ಬಸ್ಸು, ಮೋಟೆಲು, ರಾತ್ರಿ. ಮಗು ಬಸ್ಸಿಗಿಲ್ಲ. ಭಾನುವಾರ ಸಂಜೆಯವರೆಗೆ ಟೈಮು.”

ಒಂಬತ್ತು ತಿಂಗಳಲ್ಲಿ ಒಂದು ರಾತ್ರಿಯೂ ಅವಳನ್ನು ಬಿಟ್ಟಿಲ್ಲ. ವೇಡ್ ಇದ್ದಾಗಲೂ ಎದ್ದವಳು ನಾನೇ.

ಅಕ್ಟೋಬರ್ 14, ಭಾನುವಾರ

ಚರ್ಚ್ ಮುಗಿಸಿ ಅತ್ತೆ ಮನೆಯಲ್ಲಿ ಊಟ. ಹಂದಿ ಮಾಂಸ, ಆಲೂ. ವೇಡ್ ತಟ್ಟೆ ಮುಂದೆಯೇ ನಿದ್ದೆ ಹೋದ. ಪಾತ್ರೆ ಒರೆಸುತ್ತ ಅತ್ತೆ ಲೋಯಿಸ್‌ಗೆ ಎಲ್ಲ ಹೇಳಿದೆ. ಹೊಗಳ್ತಾರೆ ಅಂದುಕೊಂಡಿದ್ದೆ, ನಿಜ ಹೇಳಬೇಕಂದರೆ.

“ಸೊನ್ನೆ ಬರೆದೆಯಾ,” ಅಂದರು. “ಯಾರು ಕೇಳಿದ್ರು ನಿನ್ನ ಧಾರಾಳತನ?”

ಒರೆಸಿದ ಲೋಟವನ್ನೇ ಮತ್ತೆ ಒರೆಸಿದೆ.

“ನಮ್ಮ ಕಾಲಕ್ಕೆ ಹುಡುಗಿಯರಿಗೆ ಆರು ಜನರ ಆಟ. ಮೂರು ಜನ ಆ ಕಡೆ ಬುಟ್ಟಿಗೆ ಹಾಕೋರು, ಮೂರು ಜನ ಈ ಕಡೆ ತಡೆಯೋರು. ನಡುಗೆರೆ ದಾಟೋ ಹಾಗಿಲ್ಲ. ನಾನು ತಡೆಯೋಳು. ನಾಲ್ಕು ವರ್ಷ ಆಡಿದೆ ಹುಡುಗಿ, ಒಂದೇ ಒಂದು ಸಲ ಬುಟ್ಟಿಗೆ ಎಸೆದಿಲ್ಲ. ಗೆರೆ ಮೇಲೆ ನಿಂತು ಚೆಂಡು ಕೊಟ್ಟು ನೋಡ್ತಾ ಇರೋದು. ಕೊಡೋದು, ನೋಡೋದು.” ತಟ್ಟೆ ಇಟ್ಟರು. “ನನಗೆ ಗೆರೆ ಎಳೆದಿದ್ದರು. ನಿನಗೆ ಯಾರು ಎಳೆದಿದ್ದು?”

“ಅವಳಿಗೆ ರಾತ್ರಿ ಕೆಮ್ಮು ಬಂದರೆ, ಲೋಯಿಸ್?”

“ನಿನ್ನ ಗಂಡನಿಗೂ ಅದೇ ಕೆಮ್ಮು ಬರ್ತಿತ್ತು. ನೋಡು, ಬದುಕಿದಾನೆ, ಗೊರಕೆ ಹೊಡೀತಿದಾನೆ.”

ಐದು ಗಂಟೆಗೆ ಕೋಚ್‌ಗೆ ಫೋನ್ ಮಾಡಿದೆ. “ಹದಿನಾಲ್ಕು,” ಅಂದೆ.

“ಸರಿ,” ಅಂದರು. ಅಷ್ಟೇ. ಆದರೆ ಫೋನ್ ಇಡೋ ಮೊದಲು ಮೂಗು ಸೀಟಿದ್ದು ಕೇಳಿಸಿತು.

ಅಕ್ಟೋಬರ್ 22, ಬೆಳಿಗ್ಗೆ 5.00

ಹಾಲು ಆರು. ಕೆಮ್ಮು ಇಲ್ಲ. ಮೊಣಕಾಲು ಊದಿದೆ, ನನ್ನದು. ಓಡಿ ಬಂದು ಎಡಗೈಯಲ್ಲಿ ಬುಟ್ಟಿಗೆ ಹಾಕೋ ಲೇ-ಅಪ್ ವಾಪಸ್ ಬಂತು. ಇಮಾನಿ ಅಂದಳು, “ಎರಡು ಪಿಜ್ಜಾ ವಸೂಲಾಯ್ತು.”

ನಿದ್ದೆಗೆಟ್ಟು ಕೂತಾಗ ಹೆಸರು ಹಿಡಿದು ನೆನೀತೀನಿ, ಟೀಮಿನ ಹದಿಮೂರು ಜನರನ್ನೂ. ಪ್ರಾರ್ಥನೆ ಅಂತ ಹೆಸರಿಡಲಾರೆ. ಇಂಥವರು ನನಗೆ ಸಿಕ್ಕರಲ್ಲ.

ನವೆಂಬರ್ 2, ಮಧ್ಯಾಹ್ನ 2.10

ಬಸ್ಸು ಮೂರಕ್ಕೆ, ಹುಡುಗಿಯರು ಕಾರಲ್ಲಿ ಕರ್ಕೊಂಡು ಹೋಗೋಕೆ ಬರ್ತಾರೆ. ಇವತ್ತು ಪ್ರಯಾಣ ಐದು ಗಂಟೆ, ನಾಳೆ ಮಧ್ಯಾಹ್ನ ಮೊದಲ ಆಟ. ಅತ್ತೆಯ ಅಡುಗೆಮನೆಯಲ್ಲೇ ಕೂತು ಬರೀತಿದೀನಿ. ಓಪಲ್ ಮಲಗಿದಾಳೆ, ರಾತ್ರಿ ಲೋಯಿಸ್ ನೋಡ್ಕೋತಾರೆ. ಹಿತ್ತಲಲ್ಲಿ ಅವಳ ಬಟ್ಟೆ ಒಣಗ್ತಿದೆ.

ಈಗ ಹೊಳೆಯಿತು. ಹಾಲು, ನಿದ್ದೆ, ಕೆಮ್ಮು ಎಲ್ಲ ಇರೋದು ಇದೊಂದರಲ್ಲೇ. ಪುಸ್ತಕ ಇಲ್ಲೇ ಬಿಟ್ಟು ಹೋಗಬೇಕು. ಲೋಯಿಸ್ ಓದ್ತಾರೆ. ನನ್ನದು ಬರೆದ ಹಾಳೆ ಹರಿದರೆ ಹಿಂಬದಿಯ ಹಾಲಿನ ಲೆಕ್ಕವೂ ಹೋಗುತ್ತೆ.

ಓದಿಕೊಳ್ಳಿ, ಲೋಯಿಸ್. ನೀವು ಅಂದಿದ್ದೆಲ್ಲ ಇದೆ, ತಪ್ಪಾಗಿ ಬರೆದಿದ್ದರೆ ಬೈಯಿರಿ. ನಿಮಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿಲ್ಲ. ಇದರಲ್ಲೇ ಇದೆ ಅಂದುಕೊಳ್ಳಿ.

ಹಾಲು ಆರು, ಏಳೂವರೆಗೆ. ನೀಲಿ ಹೊದಿಕೆ, ಹಳದಿಯದ್ದಲ್ಲ. ಬೆಳಗಿನ ಜಾವ ನಾಲ್ಕೂವರೆ ಸುಮಾರಿಗೆ ಹಿಮ್ಮಡಿ ಬಡೀತಾಳೆ, ಎತ್ತೋಕೆ ಹೋಗಬೇಡಿ, ಒಂದೊಂದು ಸಲ ತಾನೇ ಮಲಗ್ತಾಳೆ. ಆ ಬೊಗಳೋ ಕೆಮ್ಮು ಬಂದರೆ ಮೊದಲು ಡಾಕ್ಟರಿಗೆ, ಆಮೇಲೆ ನನಗೆ. ನಂಬರ್ ಫ್ರಿಜ್ ಮೇಲಿದೆ.

ಕೆಮ್ಮು ಬರದಿದ್ದರೂ ಫೋನ್ ಮಾಡಿ. ಬೆಳಗಾಗೋದರೊಳಗೆ. ನಿಮಗೆ ನಗು ಬರುತ್ತೆ, ಗೊತ್ತು. ನಾನು ಎದ್ದೇ ಇರ್ತೀನಿ, ಡಕೋಟಾ ಪಕ್ಕದ ಮಂಚ, ಅವಳು ಬೈದರೂ ಪರವಾಗಿಲ್ಲ. ಅತ್ತರೆ ಮಾಡಿ. ನಕ್ಕರೂ ಮಾಡಿ. ಒಂದು ಸಲವೂ ನನ್ನನ್ನು ಹುಡುಕದೆ ಮಲಗಿಬಿಟ್ಟಳು ಅಂತಿದ್ದರೆ, ಅದನ್ನೂ ಹೇಳಿ ಲೋಯಿಸ್, ನಾನು ತಡ್ಕೋತೀನಿ. ಸುಮ್ಮನೆ ಫೋನನ್ನು ತೊಟ್ಟಿಲ ಹತ್ತಿರ ಹಿಡಿದರೂ ಸಾಕು, ಆ ಧಪ್ ಧಪ್ ಒಂದು ಕೇಳಿಸಿಬಿಟ್ಟರೆ ನಾಳೆ ನಾನು ಆ ಹದಿನಾಲ್ಕೂ ನಿಮಿಷ... ಹಾರ್ನ್ ಹೊಡೀತಿದಾರೆ. ಮಾಡ್ತೀರಲ್ಲ? ದಮ್ಮಯ್ಯ, ಬೆಳಗಾಗೋದರೊಳಗೆ ಒಂದೇ ಒಂದು ಸಲ ಫೋನ್