ಒಂದೇ ಕ್ಯಾನಿನ ಹಾಲು

ಮಾಂಬಳ್ಳಿ
14-3-1978, ಮಂಗಳವಾರ

ಪ್ರೀತಿಯ ಸುವರ್ಣಾ,

ಹೇಗಿದ್ದೀಯೆ? ಕಾಲಿನ ಊತ ಇಳಿಯಿತೇ? ಹುಣಸೆಹಣ್ಣು ಕದ್ದು ತಿಂದಿದ್ದಕ್ಕೆ ನಿಮ್ಮಮ್ಮ ಬೈದರೆ ಮುನಿಸಿಕೊಳ್ಳಬೇಡ, ತುಂಬಿದ ಬಸುರಿ ನೀನು. ಕುಂತೂರಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಬರೆದಿದ್ದೆ. ಮಧ್ಯಾಹ್ನವಾದರೂ ಸ್ವಲ್ಪ ಮಲಗು. ಇಲ್ಲಿ ನಮ್ಮ ಹಸು ಗೌರಿಯ ಕಾಟ ಹೇಳತೀರದು. ನಿನ್ನ ಕೈಗೆ ಒಗ್ಗಿದವಳು, ನಾನು ಕರೆಯಲು ಕೂತರೆ ಒದೆಯುತ್ತಾಳೆ. ಈ ಪತ್ರ ಓದಿದ ಮೇಲೆ, ಒಂದೇ ಬಸ್ಸಿನ ದಾರಿ, ಬಂದು ಹೇಳಬಾರದಿತ್ತೇ ಎಂದು ನೀನು ಕೇಳುತ್ತೀಯೆ. ಮುಖ ತೋರಿಸಲು ಧೈರ್ಯವಾಗಲಿಲ್ಲ.

ನಮ್ಮ ಹಾಲಿನ ಸೊಸೈಟಿ ಆಗುವ ಹಾಗೆ ಕಾಣುವುದಿಲ್ಲ. ಶುಕ್ರವಾರ ಕೊಳ್ಳೇಗಾಲದಿಂದ ಡೈರಿಯ ಸೂಪರ್‌ವೈಸರು ಬರುತ್ತಾರೆ, ಅಷ್ಟರಲ್ಲಿ ಐವತ್ತು ಹೆಸರು ಬೇಕು. ನೀನು ಹೆರಿಗೆಗೆ ಹೊರಟ ದಿನ ಪಟ್ಟಿಯಲ್ಲಿ ನಲವತ್ತೊಂದಿತ್ತು. ಮೊದಲ ರುಜು ನಿನ್ನದು, ಅದರಡಿ ಕೆಳಗಿನ ಬೀದಿಯ ದೊಡ್ಡಮಾದಮ್ಮನ ಹೆಬ್ಬೆಟ್ಟು. ಆ ಬೀದಿಗೆ ನೀನೇ ನಡೆದುಹೋಗಿ, ಅವಳ ಎಮ್ಮೆಯ ಹಾಲಿನಂಥ ಹಾಲು ಊರಲ್ಲೇ ಇಲ್ಲವೆಂದು ಹೊಗಳಿ, ಎಲ್ಲರನ್ನೂ ಒಪ್ಪಿಸಿ ಬಂದಿದ್ದೆ. ನಾನು ಹೋಗಿದ್ದರೆ ಯಾರೂ ನಂಬುತ್ತಿರಲಿಲ್ಲ.

ಯಾರ ಮನೆಯ ಹಾಲಾದರೂ ಒಂದೇ ಕ್ಯಾನಿಗೆ ಸುರಿಯುವುದೆಂದು ತಿಳಿದದ್ದೇ ತಡ, ನಮ್ಮ ಬೀದಿಯವರು ತಿರುಗಿಬಿದ್ದರು. ವೃಷಭೇಂದ್ರಪ್ಪನವರು ನಮ್ಮ ಜಗಲಿಗೇ ಬಂದು, ಅಪ್ಪನ ಎದುರಿಗೆ, “ಅವ್ರ ಆಲ್ನೂ ನಮ್ಮ ಆಲ್ನೂ ಒಂದೇ ಕ್ಯಾನಿಗೆ ಉಯ್ದ್ಮೇಲೆ, ಉಟ್ಟೋ ಮಗೀಗೆ ಲಿಂಗ ಕಟ್ಟಾಕೆ ಯಾವ ಅಯ್ನೋರು ನಿಮ್ಮನೆ ಮೆಟ್ಲು ಅತ್ತಾರು, ಏಳ್ಲಾ” ಎಂದರು. ಜಾಣತನ ಮಾಡಲು ಹೋಗಿ, ಬೀದಿಗೊಂದರಂತೆ ಎರಡು ಕ್ಯಾನು ಇಡೋಣ ಎಂದುಬಿಟ್ಟೆ. ಕೆಟ್ಟದ್ದು ಅಲ್ಲೇ. ಆಮೇಲೆ ಲಾರಿಯಲ್ಲಿ ಹೇಗೂ ಬೆರೆಯುತ್ತದಲ್ಲ ಎಂದು ನಮ್ಮ ಬೀದಿಯವರು ಹೆಸರು ತೆಗೆಸಿದರು. ಕೆಳಗಿನ ಬೀದಿಗೆ ಹೋದರೆ ದೊಡ್ಡಮಾದಮ್ಮ, “ಬ್ಯಾರೆ ಲೋಟ, ಬ್ಯಾರೆ ಬಾವಿ ಮೊದ್ಲೇ ಅವಲ್ಲ ಬುದ್ದಿ, ಅದ್ಕೆ ಸೊಸೈಟಿ ಯಾಕೆ” ಎಂದಳು. ಅಲ್ಲಿಯವರೂ ಒಬ್ಬೊಬ್ಬರಾಗಿ ಹಿಂದೆ ಸರಿದರು. ಅವಳೊಬ್ಬಳು ಮಾತ್ರ, “ಸುವರ್ಣವ್ವಾರ ಎಸರು ಇರೋಗಂಟ ನನ್ನ ಎಬ್ಬೆಟ್ಟೂ ಇರ್ಲಿ” ಎಂದಳು.

ಈಗ ಪಟ್ಟಿಯಲ್ಲಿ ಉಳಿದಿರುವುದು ಅವಳ ಹೆಬ್ಬೆಟ್ಟೊಂದೇ. ನಿನ್ನ ರುಜುವನ್ನು ಅಪ್ಪ ಹೊಡೆದುಹಾಕಿದರು. ವಯಸ್ಸಾದವರು, ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ನನಗಂತೂ ಬೀದಿಯಲ್ಲಿ ತಲೆ ಎತ್ತಿ ಓಡಾಡಲು ನಾಚಿಕೆ.

ಅತ್ತೆ ಮಾವನವರಿಗೆ ನನ್ನ ಶರಣು. ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಮಾದಪ್ಪ ಕಾಯಲಿ.

ನಿನ್ನ
ಸದಾಶಿವಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದ್ದು. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ನಿನ್ನ ರುಜು ಹೊಡೆದದ್ದು ಅಪ್ಪ ಅಲ್ಲ, ನಾನು. ಮಗುವಿಗೆ ಲಿಂಗ ಕಟ್ಟುವವರಿಲ್ಲದಂತಾದರೆ ಎಂದು ಹೆದರಿ ಹೊಡೆದೆ. “ಆಕೇನ ಕೇಳ್ದೆ ಒಡೀಬ್ಯಾಡ ಕಣ್ಲಾ” ಎಂದು ಅಪ್ಪ ನನ್ನ ಕೈ ಹಿಡಿದಿದ್ದರು. ದೊಡ್ಡಮಾದಮ್ಮನಿಗೆ ಇನ್ನೂ ತಿಳಿಯದು. ಬೆಳಿಗ್ಗೆ ಜಗಲಿಯ ಕೆಳಗೆ ನಿಂತು ನಿನ್ನ ಆರೋಗ್ಯ ಕೇಳಿದಳು. ಶುಕ್ರವಾರ ಎಲ್ಲರಿಗಿಂತ ಮೊದಲು ಹಾಲು ತರುತ್ತಾಳಂತೆ.