ಗಾಜಿಗೆ ಬೆನ್ನು ಮಾಡಿ ಕೂತದ್ದು

ಶನಿವಾರ, ನವೆಂಬರ್ ೧೬

ಈಜಿನ ದಿನ ಬಂತೆಂದರೆ ಮಗಳು ಹಿಲ್ಕೆಗೆ ಹೊಟ್ಟೆನೋವು. ನಾನು ಚೀಸನ್ನು ಬೈದೆ, ಇವರು ನೀರಿನ ಭಯ ಎಂದರು. ಅಲ್ಲವೆಂದು ಮೊದಲು ಹೇಳಿದ್ದು ಅತ್ತೆ, ಮೊನ್ನೆ ಊಟದ ಹೊತ್ತಿನಲ್ಲಿ. "ಈಜುಕೊಳದ ಗಾಜಿನಾಚೆ ಕೂತು ನೀವು ಕೈ ಬೀಸಿದಷ್ಟೂ ಮಗು ಉಗುರು ಕಚ್ಚುತ್ತೆ ಕಣೆ. ನೀರಿಗಲ್ಲ, ನಿಮಗೆ ಹೆದರೋದು."

ಇವತ್ತು ಈಜಿನ ಪರೀಕ್ಷೆ. ಈ ಊರಿನ ಮಕ್ಕಳು ಕಾಲುವೆಗೆ ಬಿದ್ದರೂ ಈಜಿ ಬರಬೇಕಲ್ಲ, ಅದಕ್ಕೆ ಬಟ್ಟೆ, ಬೂಟು ತೊಟ್ಟೇ ಹಾರಿ, ನೀರೊಳಗಿನ ಪರದೆಯ ತೂತಿನಲ್ಲಿ ತೂರಬೇಕು. ಗಾಜಿನಾಚೆ ಬಂಧುಬಳಗವೆಲ್ಲ ಹೂ ಹಿಡಿದು ಕೂತಿತ್ತು. ಬೂಟಿನ ದಾರ ಕಟ್ಟುವಾಗ ಮಗಳು ಪಿಸುಗುಟ್ಟಿದಳು, "ಅಮ್ಮ, ಯಾರೂ ನೋಡಬೇಡಿ."

ಗಾಜಿನಾಚೆ ಬಂದು ಅತ್ತೆಗೆ ಹೇಳಿದೆ. ಅವರು ಮೊದಲು ತಮ್ಮ ಕುರ್ಚಿ ತಿರುಗಿಸಿದರು. "ಎಲ್ಲಾ ಗೋಡೆ ನೋಡ್ರೋ. ನಿಮ್ಮ ಮುಖ ನೋಡಿದ್ರೆ ನಂಗೇ ಹೊಟ್ಟೆ ನೋಯುತ್ತೆ."

ಅವಳು ತೂತು ದಾಟಿದ್ದನ್ನು ಮನೆಯವರ್ಯಾರೂ ಕಾಣಲಿಲ್ಲ. ಒದ್ದೆ ಬೂಟಿನ ಸದ್ದು ನಮ್ಮ ಬೆನ್ನ ಹಿಂದೆ ಓಡಿ ಬಂತು.

"ಈಗ ಎಲ್ಲಾರೂ ತಿರುಗಿ. ಪಾಸಾದೆ."