ಮೂಸಿ ನೋಡಿದ ಬಿಯರ್

ಅವ್ವಾ,

ಮೊದಲೇ ಹೇಳುತ್ತೇನೆ, ಬೈಯಬೇಡ. ನಿನ್ನ ಮಗಳು ಇವತ್ತು ಮಧ್ಯಾಹ್ನ ಪುಣೆಯಲ್ಲಿ ಬಿಯರ್ ರುಚಿ ನೋಡಲು ಹೋಗಿದ್ದಳು. ಅದೂ ಎಂಥದ್ದು, ಹೋಳಿಗೆಯ ಬಿಯರ್! ಬೆಲ್ಲ, ಏಲಕ್ಕಿ, ಜಾಜಿಕಾಯಿ ಹಾಕಿ, ವಿಸ್ಕಿಯ ಹಳೆಯ ಪೀಪಾಯಿಯಲ್ಲಿ ಎಂಟು ತಿಂಗಳು ಇಟ್ಟದ್ದಂತೆ. ನಿನ್ನ ಹಂಚಿನ ತಳದಷ್ಟು ಕಪ್ಪು.

ಮಾಡಿದವನು ನನ್ನ ಆಫೀಸಿನ ಗೆಳತಿಯ ಅಣ್ಣ ಅಮರ, ಕಲಬುರಗಿ ಕಡೆಯವನು. ಉಳಿದವರೆಲ್ಲ ಒಂದೊಂದು ಗುಟುಕು ಕುಡಿದು "ಮಸ್ತ್ ಅದ" ಅಂದರು. ನಾನು ಮಾತ್ರ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದೆ. ದೇವರಿಗೆ ಎಡೆ ಇಡುವ ಮೊದಲು ನೀನು ಹೂರಣವನ್ನು ನಾಲಿಗೆಗೆ ತಾಗಿಸದೆ ಮೂಸಿಯೇ ಹದ ಹೇಳುತ್ತಿದ್ದೆಯಲ್ಲ, ಹಾಗೆ.

"ಬೆಲ್ಲ ಸ್ವಲ್ಪ ತಳ ಹತ್ತೇದ. ಯಾಲಕ್ಕಿ ಸಿಪ್ಪಿ ಸಮೇತ ಕುಟ್ಟೀರಿ" ಅಂದುಬಿಟ್ಟೆ.

ಅಮರನ ಬಾಯಿ ತೆರೆದೇ ಉಳಿಯಿತು. "ಖರೇನ ರೀ! ಕುಡೀಲಾರದ ಹೆಂಗ ಗೊತ್ತಾತು?"

"ನಮ್ಮವ್ವನ ಕಡಿಂದ ಕಲ್ತದ್ದು."

ನನ್ನ ಜಂಬ ನೋಡಬೇಕಿತ್ತು ನೀನು! ಆಮೇಲೆ ಕುಡಿದೆ. ಮೊದಲು ಕಹಿ, ಅದರ ಬೆನ್ನಿಗೇ ಹೂರಣ. ತುಪ್ಪವೊಂದೇ ಇರಲಿಲ್ಲ.

ಇದಕ್ಕಾಗಿ ಅರ್ಧ ದಿನ ರಜೆ ಹಾಕಿದ್ದೆ ಅವ್ವಾ. ಹೋದ ವರ್ಷ ಹೋಳಿ ಹುಣ್ಣಿಮೆಗೆ ದೌಂಡಿನ ನಮ್ಮ ಮನೆಗೆ ಬಾ, ಹೋಳಿಗೆ ಮಾಡುತ್ತೇನೆ ಎಂದು ನೀನು ಫೋನ್ ಮಾಡಿದಾಗ, ರಜೆ ಸಿಗುವುದಿಲ್ಲ ಅಂದಿದ್ದೆ. ಅದೇ ನಿನ್ನ ಕಡೆಯ ಹೋಳಿ.

ಹೊರಡುವಾಗ ಅಮರ ಬಾಗಿಲ ತನಕ ಬಂದ. "ಮುಂದಿನ ಪೀಪಾಯಿ ತೆಗಿಯೂ ದಿನ ಅವ್ವಾರನ್ನೂ ಕರಕೊಂಡ ಬರ್ರಿ. ಅವರಿಗೆ ಬಿಯರ್ ನಡೀತದೇನ್ರಿ?"

"ಅವ್ವ ಕುಡಿಯೂದಿಲ್ರಿ" ಅಂದೆ. "ಬರೇ ಮೂಸಿ ಹೇಳ್ತಾಳ."